ಗಣಿಯ ಭೂತದಿಂದ ದವಡೆಯ ಬೇರಿನವರೆಗೆ: ದಂತ ಇಂಪ್ಲಾಂಟ್ ಲೋಹಗಳ ಹೆಸರು, ನಂಬಿಕೆ ಮತ್ತು ಚರಿತ್ರೆ

ಬಿದ್ದುಹೋದ ಹಲ್ಲಿನ ಜಾಗದಲ್ಲಿ ಬೇರೊಂದು ಹಲ್ಲನ್ನು ಪಡೆಯುವುದಕ್ಕೆ ಕನ್ನಡದ ಆಡುಮಾತು ಬಳಸುವ ಕ್ರಿಯಾಪದ ‘ಕಟ್ಟಿಸು’. ‘ಹಲ್ಲು ಕಟ್ಟಿಸಿಕೊಂಡರು’ ಎನ್ನುತ್ತೇವೆಯೇ ಹೊರತು ‘ಹಲ್ಲು ನೆಡಿಸಿಕೊಂಡರು’ ಎನ್ನುವುದಿಲ್ಲ. ಈ ಬಳಕೆಯಲ್ಲಿ ಒಂದು ತಾಂತ್ರಿಕ ವಾಸ್ತವ ಅಡಗಿದೆ. ಕೃತಕ ಹಲ್ಲೆಂದರೆ ಪಕ್ಕದ ಹಲ್ಲುಗಳಿಗೆ ಬಿಗಿದದ್ದು, ಇಲ್ಲವೆ ಒಸಡಿನ ಮೇಲೆ ಕೂರಿಸಿದ್ದು, ಮೂಳೆಯಲ್ಲಿ ಬೇರೂರಿದ್ದಲ್ಲ. ಹೋದ ಬೇರಿನ ಸ್ಥಾನದಲ್ಲಿ ಲೋಹದ ಬೇರೊಂದನ್ನು ಊರಿ, ಮೂಳೆಯು ಅದನ್ನು ಹಿಡಿದುಕೊಳ್ಳುವಂತೆ ಮಾಡುವ ವಿದ್ಯೆ ನೆಲೆಗೊಂಡದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಇಂಪ್ಲಾಂಟ್ ಎಂಬ ಇಂಗ್ಲಿಷ್ ಮಾತೇ ಅದಕ್ಕೆ ಕನ್ನಡದಲ್ಲಿಯೂ ರೂಢಿಯಾಗಿದೆ.

ಈ ವಿದ್ಯೆಯ ಚರಿತ್ರೆಯನ್ನು ದಂತವೈದ್ಯರು ಬರೆದಿದ್ದಾರೆ, ಲೋಹಶಾಸ್ತ್ರಜ್ಞರೂ ಬರೆದಿದ್ದಾರೆ. ಜಾನಪದ ವಿದ್ಯಾರ್ಥಿಗೆ ಇದರಲ್ಲಿ ಏನು ಕೆಲಸವೆಂಬ ಪ್ರಶ್ನೆ ಸಹಜವಾದುದು. ಇಂಪ್ಲಾಂಟಿಗೆಂದು ಪ್ರಯೋಗಿಸಲಾದ ಲೋಹಗಳ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ದೊರೆಯುತ್ತದೆ. ಕೋಬಾಲ್ಟ್ ಮತ್ತು ನಿಕ್ಕಲ್ ಜರ್ಮನ್ ಗಣಿಗಾರರ ಕಿಡಿಗೇಡಿ ಭೂತಗಳ ಹೆಸರುಗಳು. ಟ್ಯಾಂಟಲಂ ಮತ್ತು ನಯೋಬಿಯಂ ಗ್ರೀಕ್ ಪುರಾಣದ ಶಾಪಗ್ರಸ್ತ ತಂದೆ-ಮಗಳ ಹೆಸರುಗಳು. ವೆನೇಡಿಯಂ ಉತ್ತರ ಯುರೋಪಿನ ಸೌಂದರ್ಯದೇವತೆ. ಟೈಟೇನಿಯಂ ಭೂಮಿತಾಯಿಯ ಮಕ್ಕಳಾದ ಟೈಟನ್ನರು. ಇಷ್ಟೊಂದು ಕಥೆಗಳನ್ನು ಹೊತ್ತ ವಸ್ತುಗಳು ಮನುಷ್ಯನ ಬಾಯಿಯಷ್ಟು ಸಣ್ಣ ಸ್ಥಳದಲ್ಲಿ ಬಂದು ಸೇರಿದ ಬೇರೆ ಉದಾಹರಣೆ ನನಗೆ ತಿಳಿದಿಲ್ಲ. ಈ ಹೆಸರುಗಳು ಅಲಂಕಾರಕ್ಕಾಗಿ ಬಂದವೆಂದು ಭಾವಿಸುವುದು ವಾಡಿಕೆ. ಅವುಗಳಲ್ಲಿ ಕೆಲವು ಆಯಾ ವಸ್ತುವಿನ ಗುಣವನ್ನು ರಸಾಯನಶಾಸ್ತ್ರಕ್ಕಿಂತ ಮೊದಲೇ ದಾಖಲಿಸಿದ್ದವೆಂಬುದನ್ನೂ, ಅದೇ ಕಾಲದಲ್ಲಿ ವಿದ್ಯಾವಂತರೇ ಪರೀಕ್ಷಿಸದ ನಂಬಿಕೆಗಳನ್ನು ಶಾಸ್ತ್ರವೆಂದು ಪಾಲಿಸಿದ್ದರೆಂಬುದನ್ನೂ ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಚಿನ್ನದ ಮೇಲಿನ ನಂಬಿಕೆ

ಲೋಹವು ಬಾಯಿಯನ್ನು ಪ್ರವೇಶಿಸಿದ್ದು ಚಿನ್ನದ ರೂಪದಲ್ಲಿ. ಇಂದಿನ ಲೆಬನಾನಿನ ಸಿಡೋನ್ ಬಳಿ ದೊರೆತ ಫಿನೀಷಿಯನ್ ಕಾಲದ ದವಡೆಗಳಲ್ಲಿ ಹಲ್ಲುಗಳನ್ನು ಚಿನ್ನದ ತಂತಿಯಿಂದ ಹೆಣೆದು ಕಟ್ಟಲಾಗಿದೆ. ಮಧ್ಯ ಇಟಲಿಯ ಎಟ್ರುಸ್ಕನ್ ಸಮಾಧಿಗಳಲ್ಲಿ ಚಿನ್ನದ ಪಟ್ಟಿಯಿಂದ ಬಿಗಿದ ಹಲ್ಲುಗಳು ದೊರೆತಿವೆ. ಅಮೆರಿಕದ ವಿದ್ವಾಂಸ ಮಾರ್ಷಲ್ ಬೆಕರ್ ಅವರು ಇವುಗಳನ್ನು ಒಂದೊಂದಾಗಿ ಪರಿಶೀಲಿಸಿ, ಇವು ಹೆಚ್ಚಾಗಿ ಹೆಂಗಸರು ಧರಿಸಿದವು, ಚಿಕಿತ್ಸೆಗಿಂತ ಅಂತಸ್ತಿನ ಪ್ರದರ್ಶನಕ್ಕಾಗಿ ಮಾಡಿದವು ಎಂದು ವಾದಿಸಿದ್ದಾರೆ. ಅಂದರೆ ಬಾಯಿಗೆ ಚಿನ್ನವನ್ನು ತಂದದ್ದು ವೈದ್ಯನಲ್ಲ, ಅಕ್ಕಸಾಲಿಗ.

ಪ್ರಾಚೀನ ರೋಮಿನ ಹನ್ನೆರಡು ಫಲಕಗಳ ಶಾಸನ ಕ್ರಿ.ಪೂ. 450ರ ಸುಮಾರಿಗೆ ಸೇರಿದ್ದು. ಮೂಲ ಫಲಕಗಳು ಉಳಿದಿಲ್ಲ. ಅದರ ಶವಸಂಸ್ಕಾರದ ವಿಧಿಗಳು ಸಿಸೆರೋನ ಗ್ರಂಥದಲ್ಲಿ ಉಲ್ಲೇಖಗೊಂಡು ನಮಗೆ ತಿಳಿದಿವೆ. ಶವದೊಡನೆ ಚಿನ್ನವನ್ನು ಇಡಬಾರದು. ಆದರೆ ಹಲ್ಲುಗಳನ್ನು ಚಿನ್ನದಿಂದ ಕಟ್ಟಿದ್ದರೆ ಅದನ್ನು ಬಿಚ್ಚದೆ ಹೂಳುವುದು ಅಥವಾ ಸುಡುವುದು ತಪ್ಪಲ್ಲ ಎಂಬುದು ಆ ವಿಧಿಯ ಸಾರ. ನಮ್ಮ ಶತಪಥ ಬ್ರಾಹ್ಮಣದಲ್ಲಿ ಇದಕ್ಕೆ ಎದುರಾದ ಆಚಾರವೊಂದು ಕಾಣುತ್ತದೆ. ಅಗ್ನಿಹೋತ್ರಿಯ ಶವದ ಬಾಯಿ ಮುಂತಾದ ಏಳು ಪ್ರಾಣಸ್ಥಾನಗಳಲ್ಲಿ ಚಿನ್ನದ ಚೂರುಗಳನ್ನು ಇಡಬೇಕೆಂದು ಅಲ್ಲಿ ಹೇಳಿದೆ. ಒಂದು ಕಡೆ ಸತ್ತವನೊಡನೆ ಚಿನ್ನ ಹೋಗಬಾರದೆಂಬ ಲೆಕ್ಕ, ಇನ್ನೊಂದು ಕಡೆ ಚಿನ್ನವಿಲ್ಲದೆ ಹೋಗಬಾರದೆಂಬ ಶ್ರದ್ಧೆ. ಎರಡರ ಅಡಿಯಲ್ಲಿರುವ ಕಲ್ಪನೆ ಮಾತ್ರ ಹತ್ತಿರದ್ದು: ತುಕ್ಕು ಹಿಡಿಯದ, ಬಣ್ಣಗೆಡದ, ಬೆಂಕಿಯಲ್ಲಿಯೂ ತೂಕ ಕಳೆದುಕೊಳ್ಳದ ಚಿನ್ನವು ದೇಹಕ್ಕೆ ಅನ್ಯವಲ್ಲ.

ಮೂಳೆಯೊಳಗೆ ಲೋಹವನ್ನು ನೆಡುವ ಯೋಚನೆ ಬಂದಾಗಲೂ ಈ ಕಲ್ಪನೆ ಜೊತೆಗೇ ಬಂದಿತು. 1809ರಲ್ಲಿ ಮಾಜಿಯೊಲೊ ಎಂಬ ದಂತವೈದ್ಯನು ಆಗತಾನೆ ಕಿತ್ತ ಹಲ್ಲಿನ ಗುಳಿಯಲ್ಲಿ ಚಿನ್ನದ ಬೇರನ್ನು ಕೂರಿಸುವ ವಿಧಾನವನ್ನು ವರ್ಣಿಸಿದನು. ಒಂದು ಶತಮಾನದ ಬಳಿಕ ಅಮೆರಿಕದ ಗ್ರೀನ್‌ಫೀಲ್ಡ್ ಎಂಬಾತನು ಪ್ಲಾಟಿನಂ-ಇರಿಡಿಯಂ ತಂತಿಯ ಪಂಜರವೊಂದನ್ನು 24 ಕ್ಯಾರೆಟ್ ಚಿನ್ನದಿಂದ ಬೆಸೆದು, ದವಡೆಯ ಮೂಳೆಯಲ್ಲಿ ಉಂಗುರದಂತಹ ತೋಡನ್ನು ಕೊರೆದು, ಅದರೊಳಗೆ ಇಳಿಸಿದನು. 1913ರಲ್ಲಿ ಪ್ರಕಟವಾದ ಆತನ ವಿವರಣೆಯನ್ನು ಓದಿದರೆ ಅವನ ಕೈಚಳಕದ ಬಗ್ಗೆ ಗೌರವ ಮೂಡುತ್ತದೆ. ಪಂಜರದ ಬರಿಗಳ ನಡುವೆ ಮೂಳೆ ಬೆಳೆದು ಅದನ್ನು ಬಂಧಿಸಬೇಕೆಂಬ ಅವನ ಆಲೋಚನೆ ಇಂದಿಗೂ ತಪ್ಪಲ್ಲ. ಆರಿಸಿದ ಲೋಹಗಳು ಮಾತ್ರ ಪರಂಪರೆ ಹೇಳಿಕೊಟ್ಟವು: ಚಿನ್ನ, ಪ್ಲಾಟಿನಂ, ಇರಿಡಿಯಂ. ಯುರೋಪಿನ ಲೋಹವಿದ್ಯೆ ಇವನ್ನು ಇಂದಿಗೂ ‘ಕುಲೀನ ಲೋಹ’ಗಳೆಂದೇ ಕರೆಯುತ್ತದೆ. ಕುಲದ ಮಾತು ಲೋಹಗಳಿಗೂ ಅಂಟಿಕೊಂಡದ್ದನ್ನು ಇಲ್ಲಿ ಗಮನಿಸಬಹುದು.

ಕುಲೀನ ಲೋಹಗಳು ದೇಹಕ್ಕೆ ವಿಷವಲ್ಲ, ನಿಜ. ಆದರೆ ಅವುಗಳ ಮೈಗೆ ಮೂಳೆ ಚೆನ್ನಾಗಿ ಬೆಸೆದುಕೊಳ್ಳುವುದಿಲ್ಲ; ಶುದ್ಧ ಚಿನ್ನವಂತೂ ಅಗಿಯುವ ಭಾರಕ್ಕೆ ಮೆತುವಾಯಿತು. ಹಾಗಿದ್ದರೂ ‘ಯಾವ ಲೋಹ ಉತ್ತಮ’ ಎಂಬ ಪ್ರಶ್ನೆಯನ್ನು ಮೂಳೆಯ ಮುಂದಿಡದೆ, ಚಿನಿವಾರಪೇಟೆಯ ತಕ್ಕಡಿಯ ಮುಂದಿಟ್ಟವರು ಪದವೀಧರ ವೈದ್ಯರೇ ಆಗಿದ್ದರು.

ಇದಕ್ಕೆ ವಿರುದ್ಧವಾದ ಎರಡು ಪುರಾತತ್ವ ಸಾಕ್ಷ್ಯಗಳಿವೆ. ಹೊಂಡುರಾಸ್ ದೇಶದಲ್ಲಿ 1931ರಲ್ಲಿ ದೊರೆತ, ಸುಮಾರು ಕ್ರಿ.ಶ. 600ರ ಕಾಲದ್ದೆನ್ನಲಾದ ಕೆಳದವಡೆಯ ತುಣುಕಿನಲ್ಲಿ ಮೂರು ಬಾಚಿಹಲ್ಲುಗಳ ಜಾಗದಲ್ಲಿ ಕಪ್ಪೆಚಿಪ್ಪಿನ ಚೂರುಗಳಿದ್ದವು. 1970ರಲ್ಲಿ ತೆಗೆದ ಕ್ಷಕಿರಣ ಚಿತ್ರಗಳು ಅವುಗಳ ಸುತ್ತ ಮೂಳೆ ಬೆಳೆದಿರುವುದನ್ನು ತೋರಿಸಿದವು. ಎಂದರೆ ಅವನ್ನು ಬದುಕಿದ್ದಾಗಲೇ ನೆಟ್ಟಿದ್ದರು. ಇನ್ನೊಂದು, ಫ್ರಾನ್ಸಿನ ಶಾಂತಾಂಬ್ರ ಎಂಬಲ್ಲಿಯ ರೋಮನ್ ಕಾಲದ ಸಮಾಧಿಯಲ್ಲಿ ದೊರೆತ ತಲೆಬುರುಡೆಯ ಮೇಲ್ದವಡೆಯಲ್ಲಿದ್ದ ಕಬ್ಬಿಣದ ಹಲ್ಲು. 1998ರಲ್ಲಿ ಇದನ್ನು ಪ್ರಕಟಿಸಿದ ವಿದ್ವಾಂಸರು ಮೂಳೆ ಮತ್ತು ಕಬ್ಬಿಣ ಒಂದಕ್ಕೊಂದು ಕಚ್ಚಿಕೊಂಡಿವೆಯೆಂದು ಹೇಳಿದರು. ಬೆಕರ್ ಅದನ್ನು ಒಪ್ಪಲಿಲ್ಲ. ಆ ವಾದ ಹೇಗೇ ಇರಲಿ, ಚಿಪ್ಪಿನ ವಿಷಯದಲ್ಲಿ ಮೂಳೆಯ ತೀರ್ಪು ಸ್ಪಷ್ಟವಾಗಿಯೇ ಇದೆ.

ಗಣಿಯ ಕೋಬೋಲ್ಡ್

ಜರ್ಮನಿ ಮತ್ತು ಬೊಹೀಮಿಯಾಗಳ ಗಡಿಯಲ್ಲಿರುವ ಎರ್ತ್ಸ್‌ಗೆಬಿರ್ಗೆ, ಅಂದರೆ ಅದಿರುಬೆಟ್ಟಗಳ ಸಾಲು, 15 ಮತ್ತು 16ನೆಯ ಶತಮಾನಗಳಲ್ಲಿ ಬೆಳ್ಳಿಯ ಗಣಿಗಳಿಗೆ ಹೆಸರಾಗಿತ್ತು. ಅಲ್ಲಿಯ ಗಣಿಗಾರರಿಗೆ ಆಗಾಗ ಬೆಳ್ಳಿಯ ಅದಿರಿನಂತೆಯೇ ಕಾಣುವ, ಆದರೆ ಕುಲುಮೆಗೆ ಹಾಕಿದರೆ ಬೆಳ್ಳಿಯನ್ನು ಕೊಡದೆ ಕೆಟ್ಟ ಹೊಗೆಯನ್ನು ಮಾತ್ರ ಉಗುಳುವ ಕಲ್ಲು ಸಿಗುತ್ತಿತ್ತು. ಅದನ್ನು ಮುಟ್ಟಿದವರ ಕೈಕಾಲುಗಳು ಹುಣ್ಣಾಗುತ್ತಿದ್ದವು. ಇದು ಕೋಬೋಲ್ಡ್ ಎಂಬ ಭೂತದ ಕೃತ್ಯ, ಅದು ಬೆಳ್ಳಿಯನ್ನು ಕದ್ದು ಈ ಕಲ್ಲನ್ನು ಇಟ್ಟುಹೋಗಿದೆ ಎಂದು ಅವರು ನಂಬಿದರು; ಕಲ್ಲಿಗೂ ಅದೇ ಹೆಸರು ನಿಂತಿತು. ಇದೇ ಬಗೆಯಲ್ಲಿ ತಾಮ್ರದ ಬಣ್ಣವಿದ್ದೂ ತಾಮ್ರ ಕೊಡದ ಇನ್ನೊಂದು ಅದಿರು ‘ಕುಪ್ಫರ್‌ನಿಕ್ಕಲ್’ ಎನಿಸಿಕೊಂಡಿತು. ಕುಪ್ಫರ್ ಎಂದರೆ ತಾಮ್ರ, ನಿಕ್ಕಲ್ ಎಂದರೆ ಒಂದು ತುಂಟ ಪಿಶಾಚಿ.

ಕೋಬೋಲ್ಡ್ ಅನ್ನು ‘ಭೂತ’ ಎಂದು ಕನ್ನಡಿಸುವಾಗ ಎಚ್ಚರ ಬೇಕು. ತುಳುನಾಡಿನ ಭೂತಾರಾಧನೆಯ ದೈವಗಳಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ನಿಧಿಯ ಐತಿಹ್ಯಗಳು. ಹಕ್ಕಿಲ್ಲದವನು ಅಗೆದರೆ ಹೊನ್ನಿನ ಕೊಪ್ಪರಿಗೆ ಇದ್ದಿಲಾಗುವುದು, ಚೇಳುಗಳಾಗುವುದು ಎಂಬ ಆಶಯ ಕನ್ನಡ ಕಥನಗಳಲ್ಲಿ ಪರಿಚಿತವಾದುದು. ಆದರೆ ಒಂದು ವ್ಯತ್ಯಾಸವಿದೆ. ನಿಧಿಯ ಐತಿಹ್ಯ ಅಪರೂಪದ ಆಸೆಯ ಕಥೆ. ಕೋಬೋಲ್ಡ್ ದಿನನಿತ್ಯದ ದುಡಿಮೆಯ ಕಥೆ. ವೃತ್ತಿ ಜಾನಪದದಲ್ಲಿ ನಂಬಿಕೆಯು ಎಚ್ಚರಿಕೆಯ ಫಲಕದಂತೆಯೂ ಕೆಲಸ ಮಾಡುತ್ತದೆ.

ಎಚ್ಚರಿಕೆಗೆ ಕಾರಣವೂ ಇತ್ತು. ಎರಡೂ ಅದಿರುಗಳಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಬೆರೆತಿರುತ್ತದೆ. ಕುಲುಮೆಯಲ್ಲಿ ಏಳುತ್ತಿದ್ದುದು ಅದರದೇ ಹೊಗೆ. ಯೊವಾಕಿಮ್ಸ್‌ತಾಲ್ ಎಂಬ ಗಣಿಯೂರಿನಲ್ಲಿ ವೈದ್ಯನಾಗಿದ್ದ ಗಿಯೋರ್ಗಿಯಸ್ ಅಗ್ರಿಕೋಲನು 1556ರಲ್ಲಿ ಪ್ರಕಟವಾದ ತನ್ನ ಲೋಹವಿದ್ಯೆಯ ಮಹಾಗ್ರಂಥದಲ್ಲಿ ಈ ಅದಿರು ಗಣಿಗಾರರ ಕೈಕಾಲುಗಳನ್ನು ತಿನ್ನುತ್ತದೆಂದು ಬರೆದನು. ಗಣಿಗಳಲ್ಲಿ ಭೂತಗಳಿವೆಯೆಂದೂ ಅದೇ ಗ್ರಂಥದಲ್ಲಿ ಬರೆದನು. ಅವನಿಗೆ ಎರಡೂ ವೃತ್ತಾಂತಗಳೇ. ಕೋಬಾಲ್ಟ್ ಎಂಬ ಹೆಸರಿಗೆ ಬೇರೆ ವ್ಯುತ್ಪತ್ತಿಗಳನ್ನು ಸೂಚಿಸಿದವರೂ ಇದ್ದಾರೆ. ಆದರೆ ಆ ಹೆಸರಿನ ಕಲ್ಲು ಮೋಸದ್ದು ಮತ್ತು ವಿಷದ್ದು ಎಂಬ ಗಣಿಗಾರರ ತಿಳಿವಳಿಕೆ ಪ್ರಯೋಗಾಲಯದಲ್ಲಿ ನಿಂತ ಮಾತು. 1730ರ ದಶಕದಲ್ಲಿ ಸ್ವೀಡನ್ನಿನ ಗಿಯೋರ್ಗ್ ಬ್ರಾಂಟ್ ಈ ಅದಿರಿನಲ್ಲಿ ಹೊಸ ಲೋಹವಿದೆಯೆಂದು ತೋರಿಸಿದನು. 1751ರಲ್ಲಿ ಆಕ್ಸೆಲ್ ಕ್ರೋನ್‌ಸ್ಟೆಟ್ ನಿಕ್ಕಲನ್ನು ಬೇರ್ಪಡಿಸಿದನು. ಇಬ್ಬರೂ ಗಣಿಗಾರರ ಹೆಸರುಗಳನ್ನೇ ಉಳಿಸಿಕೊಂಡರು.

ಭೂತದ ಲೋಹ ಬಾಯಿಗೆ ಬಂದ ಬಗೆ ಹೀಗೆ. ಅಮೆರಿಕದ ಇಂಡಿಯಾನಾ ರಾಜ್ಯದ ಎಲ್‌ವುಡ್ ಹೇಯ್ನ್ಸ್ ಕೋಬಾಲ್ಟಿಗೆ ಕ್ರೋಮಿಯಂ ಬೆರೆಸಿ ಮಾಡಿದ ಮಿಶ್ರಲೋಹಕ್ಕೆ 1907ರಲ್ಲಿ ಹಕ್ಕುಪತ್ರ ಪಡೆದನು. ಅದರ ಹೊಳಪನ್ನು ಕಂಡು ‘ಸ್ಟೆಲ್ಲೈಟ್’, ಅಂದರೆ ನಕ್ಷತ್ರದಂತಹುದು, ಎಂದು ಹೆಸರಿಟ್ಟನು. ಅವನ ಗಮನವಿದ್ದುದು ಚಾಕು ಮತ್ತು ಕತ್ತರಿಸುವ ಹತಾರುಗಳ ಮೇಲೆ. ಇದೇ ಕುಲದ ಮಿಶ್ರಲೋಹವೊಂದು 1930ರ ದಶಕದಲ್ಲಿ ‘ವೈಟಾಲಿಯಂ’ ಎಂಬ ಹೆಸರಿನಿಂದ ಹಲ್ಲಿನ ಸೆಟ್ಟುಗಳ ಚೌಕಟ್ಟಿಗೆ ಬಳಕೆಯಾಯಿತು. ಅದರಲ್ಲಿ ನೂರಕ್ಕೆ ಸುಮಾರು 65 ಪಾಲು ಕೋಬಾಲ್ಟ್, 30 ಪಾಲು ಕ್ರೋಮಿಯಂ, 5 ಪಾಲು ಮಾಲಿಬ್ಡಿನಂ. ಭೂತದ ಹೆಸರು ಮರೆಯಾಗಿ ಜೀವದ ಹೆಸರು ಮುಂದೆ ಬಂದದ್ದು ವ್ಯಾಪಾರದ ಜಾಣ್ಮೆ.

1937ರಲ್ಲಿ ವೆನೆಬಲ್ ಮತ್ತು ಸ್ಟಕ್ ಎಂಬ ಅಮೆರಿಕನ್ ಶಸ್ತ್ರವೈದ್ಯರು ಮತ್ತು ಅವರ ಸಹೋದ್ಯೋಗಿ ಒಂದು ಮಹತ್ವದ ಪ್ರಯೋಗವನ್ನು ಪ್ರಕಟಿಸಿದರು. ದೇಹದ ದ್ರವದಲ್ಲಿ ಲೋಹಗಳ ನಡುವೆ ವಿದ್ಯುತ್ ಹರಿದು ಸುತ್ತಲಿನ ಮೂಳೆ ಹಾಳಾಗುತ್ತದೆ. ವೈಟಾಲಿಯಂ ಈ ದೋಷದಿಂದ ಬಹುಪಾಲು ಮುಕ್ತವಾಗಿದೆ ಎಂಬುದು ಅದರ ಫಲಿತ. ‘ಯಾವ ಲೋಹ ಉತ್ತಮ’ ಎಂಬ ಪ್ರಶ್ನೆಯನ್ನು ಕ್ರಮಬದ್ಧವಾಗಿ ಮೂಳೆಗೇ ಕೇಳಲಾರಂಭಿಸಿದ್ದು ಇಲ್ಲಿಂದ ಎನ್ನಬಹುದು. ಅದೇ ದಶಕದ ಕೊನೆಯಲ್ಲಿ ಬೋಸ್ಟನ್ನಿನ ಆಲ್ವಿನ್ ಸ್ಟ್ರಾಕ್ ವೈಟಾಲಿಯಂ ತಿರುಪುಗಳನ್ನು ಮೊದಲು ನಾಯಿಗಳ ದವಡೆಯಲ್ಲಿ, ಅನಂತರ ಮನುಷ್ಯರ ದವಡೆಯಲ್ಲಿ ನೆಟ್ಟನು. 1938ರಲ್ಲಿ ನೆಟ್ಟ ಒಂದು ತಿರುಪು 1955ರವರೆಗೆ ಬಾಯಿಯಲ್ಲಿ ಉಳಿದಿತ್ತೆಂದು ದಾಖಲೆಯಿದೆ. ಪಾಷಾಣದ ಸಂಗಾತಿಯೆಂದು ಗಣಿಗಾರರು ಎಸೆದಿದ್ದ ಲೋಹ ಚಿನ್ನ ಮಾಡದ ಕೆಲಸವನ್ನು ಮಾಡಿತು.

ಎಲ್ಲವೂ ಹಾಗೆ ನಡೆಯಲಿಲ್ಲ. ಸ್ವೀಡನ್ನಿನ ಡಾಲ್ 1940ರ ದಶಕದ ಆರಂಭದಲ್ಲಿ, ಅಮೆರಿಕದ ಗೋಲ್ಡ್‌ಬರ್ಗ್ ಮತ್ತು ಗರ್ಷ್‌ಕಾಫ್ ಆ ದಶಕದ ಕೊನೆಯಲ್ಲಿ, ಮೂಳೆಯೊಳಗೆ ಇಳಿಸದೆ ಒಸಡಿನ ಅಡಿಯಲ್ಲಿ ಮೂಳೆಯ ಮೇಲೆ ಜೀನಿನಂತೆ ಕೂರುವ ಚೌಕಟ್ಟುಗಳನ್ನು ಬಳಕೆಗೆ ತಂದರು. ಹಲವು ಬಾಯಿಗಳಲ್ಲಿ ಕೆಲವು ವರ್ಷಗಳ ನಂತರ ಲೋಹದ ಸುತ್ತ ನಾರಿನಂತಹ ಅಂಗಾಂಶ ಬೆಳೆದು, ಕೀವು ತುಂಬಿ, ಚೌಕಟ್ಟು ಸಡಿಲಾಯಿತು. ತೆಗೆಯುವಾಗ ಉಳಿದಿದ್ದ ಮೂಳೆಯೂ ಕರಗಿರುತ್ತಿತ್ತು. ಇಟಲಿಯ ಫಾರ್ಮಿಜಿನಿ 1947ರಲ್ಲಿ ಪರಿಚಯಿಸಿದ ಸುರುಳಿ ತಂತಿಯ ಬೇರು, 1960ರ ದಶಕದಲ್ಲಿ ಅಮೆರಿಕದ ಲಿಂಕೋ ರೂಪಿಸಿದ ಅಲಗಿನಾಕಾರದ ಬೇರು, ಇವೆಲ್ಲ ಈ ಕಾಲದವೇ.

ನನ್ನ ದೃಷ್ಟಿಯಲ್ಲಿ ಈ ಘಟ್ಟದಲ್ಲಿ ಅಧ್ಯಯನಕ್ಕೆ ಅರ್ಹವಾದುದು ಸೋಲುಗಳಲ್ಲ, ಅವುಗಳಿಗೆ ಕಟ್ಟಿದ ವಿವರಣೆ. ಸಹಜ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ನಾರಿನ ತೆಳುಪದರವೊಂದಿರುತ್ತದೆ. ಅಗಿಯುವ ಪೆಟ್ಟನ್ನು ಅದು ತಾಳಿಕೊಳ್ಳುತ್ತದೆ. ಲೋಹದ ಸುತ್ತ ಬೆಳೆದ ನಾರನ್ನೂ ಪ್ರಕೃತಿಯೇ ಒದಗಿಸಿದ ಅಂತಹ ಪದರವೆಂದು ಹಲವು ತಜ್ಞರು ಬಗೆದರು. ದೇಹವು ಹೊರಗಿನದನ್ನು ದೂರವಿಡಲು ಕಟ್ಟಿದ ಬೇಲಿಯನ್ನು ಅಪ್ಪುಗೆಯೆಂದು ಓದಿದಂತಾಯಿತು. ಸಾದೃಶ್ಯದಿಂದ ಕಾರಣವನ್ನು ಊಹಿಸುವುದು ಜನಪದ ಚಿಂತನೆಯ ಲಕ್ಷಣವೆಂದು ನಮ್ಮ ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. 1970ರ ದಶಕದವರೆಗೂ ವೃತ್ತಿಪತ್ರಿಕೆಗಳಲ್ಲಿ ಅದೇ ಲಕ್ಷಣ ಶಾಸ್ತ್ರದ ಭಾಷೆಯನ್ನು ಧರಿಸಿ ನಡೆದಿತ್ತು.

ನೀರಿನಲ್ಲಿ ನಿಂತವನು

ಟ್ಯಾಂಟಲಸ್ ಗ್ರೀಕ್ ಪುರಾಣದ ಪಾಪಿ ರಾಜ. ಪಾತಾಳದಲ್ಲಿ ಗಲ್ಲದವರೆಗೆ ನೀರಿನಲ್ಲಿ ನಿಂತಿದ್ದರೂ, ಬಾಗಿದೊಡನೆ ನೀರು ಇಳಿದುಹೋಗುವುದರಿಂದ ಅವನು ಒಂದು ಹನಿಯನ್ನೂ ಕುಡಿಯಲಾರ. ಸ್ವೀಡನ್ನಿನ ಆಂಡರ್ಸ್ ಎಕೆಬರ್ಗ್ 1802ರಲ್ಲಿ ಕಂಡುಹಿಡಿದ ಲೋಹದ ಆಕ್ಸೈಡು ಆಮ್ಲದಲ್ಲಿ ಮುಳುಗಿಸಿಟ್ಟರೂ ಆಮ್ಲವನ್ನು ಹೀರಿಕೊಳ್ಳಲಿಲ್ಲ. ಈ ಕಾರಣದಿಂದಲೇ ಅವನು ಅದನ್ನು ಟ್ಯಾಂಟಲಂ ಎಂದು ಕರೆದನು. ಅದನ್ನು ಹೋಲುತ್ತಿದ್ದ ಜೊತೆಗಾರ ಲೋಹಕ್ಕೆ 1844ರಲ್ಲಿ ಜರ್ಮನಿಯ ಹೈನ್ರಿಕ್ ರೋಸ್ ಟ್ಯಾಂಟಲಸನ ಮಗಳಾದ ನಯೋಬಿಯ ಹೆಸರನ್ನಿಟ್ಟನು.

ಇಲ್ಲಿ ಪುರಾಣದ ಕಥೆ ಲೋಹದ ಗುಣದ ಸಂಕ್ಷಿಪ್ತ ವಿವರಣೆಯೇ ಆಗಿದೆ. ಸುತ್ತಲಿನ ದ್ರವವನ್ನು ಒಲ್ಲದ ಈ ಗುಣದಿಂದಾಗಿಯೇ ಟ್ಯಾಂಟಲಂ ದೇಹದ ಲವಣದ್ರವದಲ್ಲಿ ಕೆಡದೆ ಉಳಿಯುತ್ತದೆ. 1940ರ ದಶಕದಲ್ಲಿ ಯುದ್ಧದಲ್ಲಿ ತಲೆಬುರುಡೆ ಒಡೆದ ಸೈನಿಕರಿಗೆ ಟ್ಯಾಂಟಲಂ ತಗಡಿನ ತೇಪೆ ಹಾಕಲಾಯಿತು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಸಿಯಾಲೋಮ್ ಮೂರು ಟ್ಯಾಂಟಲಂ ಸೂಜಿಗಳನ್ನು ಮುಕ್ಕಾಲಿಯಂತೆ ಓರೆಯಾಗಿ ಮೂಳೆಗೆ ಇಳಿಸಿ, ಅವುಗಳ ತಲೆಗಳನ್ನು ಸೇರಿಸಿ, ಮೇಲೆ ಹಲ್ಲನ್ನು ಕೂರಿಸಿದನು. ಟ್ಯಾಂಟಲಂ ಭಾರದ ಲೋಹ, ದುಬಾರಿಯೂ ಹೌದು. ಇಡೀ ಬೇರಿಗೆ ಅದು ವ್ಯಾಪಕವಾಗಲಿಲ್ಲ.

ಅರ್ಥವಿಲ್ಲದಿರಲೆಂದು ಇಟ್ಟ ಹೆಸರು

1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನ ಪಾದ್ರಿ ವಿಲಿಯಂ ಗ್ರೆಗರ್ ಮನಾಕನ್ ಎಂಬ ಊರಿನ ಹಳ್ಳದ ಕಪ್ಪು ಮರಳಿನಲ್ಲಿ ಗುರುತಿಸಲಾಗದ ಲೋಹವೊಂದನ್ನು ಕಂಡನು. ಆ ಮರಳಿನ ಮುಖ್ಯ ಖನಿಜ ಇಲ್ಮನೈಟ್. ನೆರೆಯ ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿರುವುದೂ ಅದೇ. 1795ರಲ್ಲಿ ಬರ್ಲಿನ್ನಿನ ಮಾರ್ಟಿನ್ ಕ್ಲಾಪ್ರೋಟ್ ಇದೇ ಲೋಹವನ್ನು ಬೇರೊಂದು ಖನಿಜದಲ್ಲಿ ಕಂಡು ಟೈಟೇನಿಯಂ ಎಂದು ಹೆಸರಿಟ್ಟನು. ಹೆಸರಿಗೆ ಅವನು ಕೊಟ್ಟ ಕಾರಣ ವಿಶಿಷ್ಟವಾದುದು. ಹೊಸ ವಸ್ತುವಿನ ಗುಣ ಸರಿಯಾಗಿ ತಿಳಿಯದಿರುವಾಗ ಗುಣವಾಚಕ ಹೆಸರಿಟ್ಟರೆ ತಪ್ಪು ಕಲ್ಪನೆಗೆ ಎಡೆಯಾಗುತ್ತದೆ; ಆದುದರಿಂದ ತನ್ನಷ್ಟಕ್ಕೆ ಏನನ್ನೂ ಸೂಚಿಸದ ಹೆಸರನ್ನು ಪುರಾಣದಿಂದ ತೆಗೆದುಕೊಳ್ಳುವುದು ಲೇಸು ಎಂಬುದು ಅವನ ವಾದ. ಗಣಿಗಾರರು ಅನುಭವದಿಂದ ಹೆಸರಿಟ್ಟರು, ಎಕೆಬರ್ಗ್ ಉಪಮೆಯಿಂದ; ಕ್ಲಾಪ್ರೋಟನದು ಜಾಗರೂಕ ಮೌನ.

ಲೋಹವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅದನ್ನು ಅದಿರಿನಿಂದ ಬಿಡಿಸುವುದು ಶತಮಾನಕ್ಕೂ ಹೆಚ್ಚು ಕಾಲ ಕಷ್ಟವಾಗಿತ್ತು. ಲಕ್ಸೆಂಬರ್ಗಿನ ವಿಲ್ಹೆಲ್ಮ್ ಕ್ರೋಲ್ ಮೆಗ್ನೀಸಿಯಂ ಬಳಸಿ ಬಿಡಿಸುವ ವಿಧಾನಕ್ಕೆ 1940ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದನು. 1948ರಿಂದ ಉದ್ಯಮವಾಗಿ ಬೆಳೆಯಿತು. ಬೇಡಿಕೆ ಬಂದದ್ದು ಯುದ್ಧವಿಮಾನಗಳಿಂದ. ಈ ನಡುವೆ 1940ರಲ್ಲಿಯೇ ಬೋತ್ ಮತ್ತು ಸಂಗಡಿಗರು ಬೆಕ್ಕುಗಳ ಮೂಳೆಯಲ್ಲಿ ಹಲವು ಲೋಹಗಳನ್ನಿಟ್ಟು, ಟೈಟೇನಿಯಂನೊಡನೆ ಮೂಳೆ ಬೆಸೆದುಕೊಳ್ಳುವಂತೆ ತೋರುತ್ತದೆಂದು ಬರೆದರು. 1951ರಲ್ಲಿ ಲೆವೆಂತಾಲ್ ಇಲಿಗಳ ತೊಡೆಮೂಳೆಗೆ ಹಾಕಿದ ಟೈಟೇನಿಯಂ ತಿರುಪುಗಳು ದಿನ ಕಳೆದಂತೆ ಇನ್ನಷ್ಟು ಬಿಗಿಯಾದವು. 16 ವಾರಗಳ ಬಳಿಕ ತಿರುಪನ್ನು ತೆಗೆಯಹೋದರೆ ಮೂಳೆಯೇ ಮುರಿಯಿತು. ಈ ಎರಡು ವರದಿಗಳು ಕಣ್ಣೆದುರಿಗಿದ್ದೂ ದಂತವೈದ್ಯಕೀಯವು ಇನ್ನೂ ಎರಡು ದಶಕಗಳಷ್ಟು ಕಾಲ ನಾರಿನ ಪದರದ ಸಿದ್ಧಾಂತವನ್ನೇ ಹಿಡಿದು ಕೂತಿತು.

1952ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲಗಳ ಕಾಲಿನ ಮೂಳೆಯಲ್ಲಿ ರಕ್ತದ ಚಲನೆಯನ್ನು ನೋಡಲು ಲೋಹದ ಸಣ್ಣ ಕಿಟಕಿಯೊಂದನ್ನು ಅಳವಡಿಸಿದರು. ಮೂಳೆಶಸ್ತ್ರವೈದ್ಯ ಹಾನ್ಸ್ ಎಮ್ನೆಯುಸ್ ಅವರ ಸಲಹೆಯಂತೆ ಅದನ್ನು ಟೈಟೇನಿಯಂನಲ್ಲಿ ಮಾಡಿಸಲಾಗಿತ್ತು. ಪ್ರಯೋಗ ಮುಗಿದ ಮೇಲೆ ಕಿಟಕಿ ಬಿಡಿಸಿಕೊಂಡು ಬರಲಿಲ್ಲ. ದುಬಾರಿ ಉಪಕರಣ ಹೋಯಿತಲ್ಲ ಎನ್ನುವಲ್ಲಿಗೆ ನಿಲ್ಲಬಹುದಾಗಿದ್ದ ವಿಷಯವದು. ಬ್ರೋನೆಮಾರ್ಕ್ ಅದನ್ನೇ ಪ್ರಶ್ನೆಯಾಗಿ ಎತ್ತಿಕೊಂಡು ಗೋಟೆನ್‌ಬರ್ಗಿನಲ್ಲಿ ಮುಂದುವರಿಸಿದರು. 1965ರಲ್ಲಿ, ಹುಟ್ಟಿನಿಂದಲೇ ಅಂಗುಳ ಮತ್ತು ದವಡೆಯ ದೋಷವಿದ್ದು ಹಲ್ಲುಗಳನ್ನು ಕಳೆದುಕೊಂಡಿದ್ದ ಒಬ್ಬ ರೋಗಿಯ ಕೆಳದವಡೆಯಲ್ಲಿ ನಾಲ್ಕು ಟೈಟೇನಿಯಂ ತಿರುಪುಗಳನ್ನು ನೆಟ್ಟರು. 2006ರಲ್ಲಿ ಆ ವ್ಯಕ್ತಿ ತೀರಿಕೊಳ್ಳುವವರೆಗೆ, ನಾಲ್ವತ್ತು ವರ್ಷಕ್ಕೂ ಹೆಚ್ಚು ಕಾಲ, ಅವು ಕೆಲಸ ಮಾಡಿದವು. ನೆಟ್ಟ ಬೇರನ್ನು ಒಸಡಿನಿಂದ ಮುಚ್ಚಿ, ಮೂರರಿಂದ ಆರು ತಿಂಗಳು ಭಾರ ಹೊರಿಸದೆ ಬಿಡಬೇಕೆಂಬುದು ಅವರ ನಿಯಮ.

ಬ್ರೋನೆಮಾರ್ಕ್ ದಂತವೈದ್ಯರಲ್ಲ, ಅಂಗರಚನಾ ವಿಜ್ಞಾನಿ; ಸ್ವದೇಶದ ದಂತವೈದ್ಯರಿಂದ ತೀವ್ರ ವಿರೋಧ ಎದುರಾಯಿತು. ಅದಕ್ಕೆ ಉತ್ತರವಾದದ್ದು ಲೆಕ್ಕ. 1981ರಲ್ಲಿ ಅವರ ತಂಡ 15 ವರ್ಷಗಳ ಅವಧಿಯ 371 ರೋಗಿಗಳ, 2768 ಬೇರುಗಳ ವರದಿಯನ್ನು ಪ್ರಕಟಿಸಿತು. ಐದರಿಂದ ಒಂಬತ್ತು ವರ್ಷ ಗಮನಿಸಿದ ಗುಂಪಿನಲ್ಲಿ ಮೇಲ್ದವಡೆಯ ಶೇ. 81, ಕೆಳದವಡೆಯ ಶೇ. 91 ಬೇರುಗಳು ಅಲುಗದೆ ನಿಂತಿದ್ದವು. 1982ರ ಟೊರಾಂಟೊ ಸಮ್ಮೇಳನದ ನಂತರ ಉತ್ತರ ಅಮೆರಿಕವೂ ಒಪ್ಪಿತು. ಸ್ವಿಟ್ಜರ್ಲೆಂಡಿನ ಬೆರ್ನ್‌ನಲ್ಲಿ ಆಂಡ್ರೆ ಶ್ರೋಡರ್ 1970ರ ದಶಕದಲ್ಲಿ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದಿದ್ದರು.

ಟೈಟೇನಿಯಂ ಏಕೆ ಒಪ್ಪಿತವಾಯಿತೆಂಬ ಪ್ರಶ್ನೆಗೆ ದೊರೆಯುವ ಉತ್ತರ ಚಿನ್ನದ ಕಲ್ಪನೆಯನ್ನು ತಲೆಕೆಳಗು ಮಾಡುತ್ತದೆ. ಚಿನ್ನ ಗಾಳಿಯೊಡನೆ ಸೇರದ ಲೋಹ. ಟೈಟೇನಿಯಂ ಗಾಳಿ ತಾಗಿದ ಕ್ಷಣದಲ್ಲಿಯೇ ಆಮ್ಲಜನಕದೊಡನೆ ಸೇರಿ, ಮಿಲಿಮೀಟರಿನ ಲಕ್ಷದ ಒಂದು ಭಾಗಕ್ಕಿಂತಲೂ ತೆಳುವಾದ ಆಕ್ಸೈಡಿನ ಪೊರೆಯನ್ನು ಹೊದ್ದುಕೊಳ್ಳುತ್ತದೆ. ಗೀರಿದರೆ ಪೊರೆ ಕೂಡಲೇ ಮತ್ತೆ ಮೂಡುತ್ತದೆ. ಮೂಳೆಯು ಸಂಧಿಸುವುದು ಲೋಹವನ್ನಲ್ಲ, ಬಿಳಿ ಬಣ್ಣಗಳಲ್ಲಿ ಬಳಸುವ ಅದೇ ಆಕ್ಸೈಡನ್ನು. ಆಡುಮಾತಿನಲ್ಲಿ ಹೇಳುವುದಾದರೆ ಇದು ತುಕ್ಕು ಹಿಡಿಯದ್ದರಿಂದ ಗೆದ್ದ ಲೋಹವಲ್ಲ, ಒಡನೆಯೇ ತುಕ್ಕು ಹಿಡಿದು ಅಲ್ಲಿಗೇ ನಿಂತದ್ದರಿಂದ ಗೆದ್ದ ಲೋಹ. ವೈಟಾಲಿಯಂ ತಾಳಿದ್ದು ಕ್ರೋಮಿಯಂ ಕಟ್ಟಿದ ಇಂತಹುದೇ ಪೊರೆಯಿಂದ. ಟ್ಯಾಂಟಲಂನ ಹಟವೂ ಪೊರೆಯದೇ. ಬಿಗಿತದ ಲೆಕ್ಕವೂ ಟೈಟೇನಿಯಂ ಪರವಾಗಿದೆ. ಗಟ್ಟಿ ಮೂಳೆಯ ಬಿಗಿತ 20 ಗಿಗಾಪಾಸ್ಕಲಿನ ಒಳಗೆ, ಟೈಟೇನಿಯಂನದು 100ಕ್ಕಿಂತ ತುಸು ಹೆಚ್ಚು, ಕೋಬಾಲ್ಟ್-ಕ್ರೋಮಿಯಂನದು 200ಕ್ಕೂ ಮೇಲೆ. ಮೂಳೆಗಿಂತ ತೀರ ಬಿಗಿಯಾದ ವಸ್ತು ಭಾರವನ್ನೆಲ್ಲ ತಾನೇ ಹೊತ್ತು, ಮೂಳೆಯನ್ನು ಸೋಮಾರಿಯಾಗಿಸುತ್ತದೆ.

ಶುದ್ಧವೆಂಬುದರ ಬೆರಕೆ

ದಂತ ಇಂಪ್ಲಾಂಟಿಗೆ ಬಳಸುವ ಟೈಟೇನಿಯಂ ಅನ್ನು ‘ಶುದ್ಧ’ವೆಂದು ಕರೆಯುತ್ತಾರೆ. ಅದರಲ್ಲಿ ನಾಲ್ಕು ದರ್ಜೆಗಳಿವೆ. ನಾಲ್ಕನೆಯ ದರ್ಜೆಯಲ್ಲಿ ಆಮ್ಲಜನಕ ಶೇ. 0.40ರವರೆಗೆ, ಕಬ್ಬಿಣ ಶೇ. 0.50ರವರೆಗೆ ಇರಬಹುದು. ಈ ಅಲ್ಪ ಕಲ್ಮಶದಿಂದಲೇ ಅದು ಮೊದಲನೆಯ ದರ್ಜೆಯ ಎರಡರಷ್ಟಕ್ಕೂ ಹೆಚ್ಚು ಎಳೆತವನ್ನು ತಾಳುತ್ತದೆ. ಅಪರಂಜಿಯಲ್ಲಿ ಒಡವೆ ನಿಲ್ಲದು, ತುಸು ತಾಮ್ರ ಬೆರೆಯಲೇಬೇಕು ಎಂಬುದು ನಮ್ಮ ಅಕ್ಕಸಾಲಿಗರ ನಿತ್ಯದ ತಿಳಿವಳಿಕೆ. ಮಾರುಕಟ್ಟೆಯಲ್ಲಿ ಮಾತ್ರ ‘ಶುದ್ಧ’ ಎಂಬ ಮಾತಿನ ಆಕರ್ಷಣೆ ಎರಡೂ ವೃತ್ತಿಗಳಲ್ಲಿ ಕುಂದಿಲ್ಲ.

ಹೆಚ್ಚು ಬಲ ಬೇಕಾದಲ್ಲಿ ಬಳಕೆಯಾಗುವುದು ಶೇ. 6 ಅಲ್ಯೂಮಿನಿಯಂ, ಶೇ. 4 ವೆನೇಡಿಯಂ ಬೆರೆತ ಟೈಟೇನಿಯಂ. 1950ರ ದಶಕದಲ್ಲಿ ಅಮೆರಿಕದಲ್ಲಿ ವಿಮಾನಗಳಿಗಾಗಿ ಬೆಳೆದದ್ದು. ವೆನೇಡಿಯಂನ ನಾಮಕರಣ 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮನಿಂದ ಆಯಿತು. ಅದರ ಲವಣಗಳ ಸುಂದರ ಬಣ್ಣಗಳನ್ನು ಕಂಡು ವಾನಾದಿಸ್, ಅಂದರೆ ಫ್ರೇಯಾ ದೇವತೆಯ ಹೆಸರನ್ನಿಟ್ಟರು. 1831ರಲ್ಲಿ ಬರ್ಸೇಲಿಯಸ್ ತನ್ನ ಗೆಳೆಯ ವೋಲರನಿಗೆ ಬರೆದ ಕಾಗದದಲ್ಲಿ ಇದೊಂದು ಕಥೆಯೇ ಆಗಿದೆ. ಉತ್ತರದೇಶದಲ್ಲಿ ಸುಂದರ ದೇವತೆಯೊಬ್ಬಳು ವಾಸಿಸುತ್ತಿದ್ದಳು. ಒಬ್ಬನು ಬಂದು ಬಾಗಿಲು ತಟ್ಟಿ, ಉತ್ತರ ಬರುವ ಮೊದಲೇ ಹೊರಟುಹೋದ. ಇನ್ನೊಬ್ಬನು ಬಿಡದೆ ತಟ್ಟಿ ಅವಳ ದರ್ಶನ ಪಡೆದ ಎಂಬುದು ಅದರ ಸಾರ. ಹೊರಟುಹೋದವನು ವೋಲರನೇ. ವಿಜ್ಞಾನಿಯ ಲೇಖನಿಯಿಂದ ಇಳಿದ ಈ ಐತಿಹ್ಯ ರಸಾಯನಶಾಸ್ತ್ರದ ತರಗತಿಗಳಲ್ಲಿ ಬಾಯಿಂದ ಬಾಯಿಗೆ ಸಾಗಿ, ನಮ್ಮ ಅಧ್ಯಯನ ಕ್ಷೇತ್ರದ ವಸ್ತುವೇ ಆಗಿದೆ. ಕಥೆ ಬಿಟ್ಟುಬಿಟ್ಟ ಹೆಸರೊಂದಿದೆ: 1801ರಲ್ಲಿಯೇ ಮೆಕ್ಸಿಕೋದಲ್ಲಿ ಈ ಲೋಹವನ್ನು ಕಂಡಿದ್ದ ಆಂದ್ರೆಸ್ ಮಾನುವೆಲ್ ದೆಲ್ ರಿಯೋ. ದೇವತೆಯ ಬಾಗಿಲು ಉತ್ತರದೇಶದಲ್ಲಿದೆ ಎಂದ ಮೇಲೆ ಮೆಕ್ಸಿಕೋದವನಿಗೆ ಅಲ್ಲಿ ಪಾತ್ರವಿರಲಾರದು.

ವೆನೇಡಿಯಂ ಅಯಾನುಗಳು ಜೀವಕೋಶಗಳಿಗೆ ಹಾನಿ ಮಾಡಬಲ್ಲವೆಂದು ಪ್ರಯೋಗಾಲಯಗಳಲ್ಲಿ ಕಂಡ ಮೇಲೆ, 1980ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರ ಬದಲು ಶೇ. 7 ನಯೋಬಿಯಂ ಬೆರೆಸಿದ ಮಿಶ್ರಲೋಹ ಸಿದ್ಧವಾಯಿತು. ವೆನೇಡಿಯಂ ಇರುವ ಮಿಶ್ರಲೋಹವೂ ಬಳಕೆಯಿಂದ ಮಾಯವಾಗಿಲ್ಲ. ಅದರ ದೀರ್ಘಕಾಲದ ದಾಖಲೆ ಕೆಟ್ಟದ್ದೇನಲ್ಲ. 2009ರಲ್ಲಿ ಅಲ್ಲಿಂದಲೇ ಟೈಟೇನಿಯಂಗೆ ಸುಮಾರು ಶೇ. 15 ಜಿರ್ಕೋನಿಯಂ ಬೆರೆಸಿದ ಇನ್ನೊಂದು ಲೋಹ ಮಾರುಕಟ್ಟೆಗೆ ಬಂದಿತು. ಮೂಳೆ ಸವೆದು ತೆಳುವಾದ ದವಡೆಗಳಿಗೆ ಸಣ್ಣ ವ್ಯಾಸದ ಬೇರುಗಳನ್ನು ಮಾಡಲು ಇದು ಅನುಕೂಲ. ಜಿರ್ಕಾನ್ ಎಂಬ ಮೂಲಶಬ್ದವನ್ನು ಸಾಮಾನ್ಯವಾಗಿ ಪಾರಸಿಯ ‘ಜರ್‌ಗೂನ್’, ಅಂದರೆ ಹೊಂಬಣ್ಣದ್ದು, ಎಂಬುದಕ್ಕೆ ಜೋಡಿಸುತ್ತಾರೆ. ಅದರಲ್ಲಿರುವ ‘ಜರ್’ ನಮ್ಮ ಸೀರೆಯ ‘ಜರಿ’ಯಲ್ಲಿಯೂ ಇದೆ.

ಟೈಟೇನಿಯಂ ಕರಗುವುದು 1668 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಟ್ಟಿಗೆಯ ಚಿತೆಯ ಕಾವು ಅಷ್ಟಕ್ಕೆ ಏರುವುದಿಲ್ಲ. ಅಸ್ಥಿ ಸಂಚಯನಕ್ಕೆ ಹೋದವರ ಕೈಗೆ ಬೂದಿಯಲ್ಲಿ ಈ ತಿರುಪು ಸಿಗುವ ಸಂದರ್ಭಗಳು ಇನ್ನು ಹೆಚ್ಚುತ್ತವೆ. ನೆದರ್ಲೆಂಡ್ಸ್‌ನಲ್ಲಿ ಚಿತಾಗಾರಗಳಿಂದ ದೇಹದ ಲೋಹಗಳನ್ನು ಸಂಗ್ರಹಿಸಿ ಕರಗಿಸಿ ಮರುಬಳಕೆಗೆ ಕಳುಹಿಸುವ ವ್ಯವಸ್ಥೆ 1990ರ ದಶಕದಿಂದ ನಡೆದಿದೆ. ನಮ್ಮಲ್ಲಿ ಅದನ್ನು ಮೂಳೆಯ ಜೊತೆ ಹೊಳೆಗೆ ಬಿಡುತ್ತಾರೆಯೇ, ಬೇರೆಯಾಗಿ ತೆಗೆದಿಡುತ್ತಾರೆಯೇ, ಅದಕ್ಕೆ ಯಾವ ಹೆಸರಿಡುತ್ತಾರೆ ಎಂಬುದನ್ನು ಸ್ಮಶಾನದ ವೃತ್ತಿಯವರನ್ನೂ ಪುರೋಹಿತರನ್ನೂ ಕೇಳಿ ದಾಖಲಿಸುವ ಕ್ಷೇತ್ರಕಾರ್ಯ ಆಗಬೇಕಾಗಿದೆ.